ಹನ್ನೆರಡಕ್ಕೊಂದು ಬೊಟ್ಟು, ಇಪ್ಪತ್ತಕ್ಕೊಂದು

ಚೊಕ್ಕಟದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನನ್ನದು. ಮದುವೆಯಾಗಿ ಬಂದಾಗಿನಿಂದ ಎರಡು ಹೊತ್ತೂ ಹಾಲಿನ ಕ್ಯಾನ್ ತಿಕ್ಕಿದವಳು ನಾನು. ನಮ್ಮ ಮನೆಯ ಹಾಲು ಡೇರಿಯಿಂದ ಒಂದು ದಿನವೂ ವಾಪಸು ಬಂದದ್ದಿಲ್ಲ.

ಬಂಗಾರಪೇಟೆ ರಸ್ತೆಯ ಈಜುಕೊಳದಲ್ಲಿ ಗುಡಿಸಿ ಒರೆಸುವ ಕೆಲಸ ನನ್ನದು. ಫಿಲ್ಟರ್ ನೋಡಿಕೊಳ್ಳುತ್ತಿದ್ದವನು ಬಿಟ್ಟುಹೋದಾಗ, ಅದನ್ನೂ ನಾನೇ ನೋಡುತ್ತೇನೆ ಎಂದು ಕೊಳದ ಯಜಮಾನರಿಗೆ ಹೇಳಿಬಿಟ್ಟೆ. ಫಿಲ್ಟರ್ ಎಂದರೆ ಮರಳು ತುಂಬಿದ ದೊಡ್ಡ ಡ್ರಮ್ಮು. ಕೊಳದ ನೀರು ಅದರೊಳಗೆ ಹಾದು ತಿಳಿಯಾಗಿ ವಾಪಸಾಗುತ್ತದೆ. ಹಿಡಿ ತಿರುಗಿಸಿ ನೀರನ್ನು ಉಲ್ಟಾ ಹರಿಸಿದರೆ ಮರಳಿನ ಕೊಳೆಯೆಲ್ಲ ಆಚೆ. ಹೋದವನು ಇಷ್ಟು ತೋರಿಸಿಕೊಟ್ಟಿದ್ದ, ಯಾವಾಗ ಮಾಡಬೇಕೆಂದು ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ತೊಳೆಯುವುದಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೊಳೆದೆ.

ನೀರು ಅಕ್ಕಿ ತೊಳೆದಂತೆ ಮಂಕಾಯಿತು. ಹಟಕ್ಕೆ ಬಿದ್ದು ಮಧ್ಯಾಹ್ನವೂ ತೊಳೆದೆ, ಇನ್ನಷ್ಟು ಮಂಕಾಯಿತು. ಭಾನುವಾರದೊಳಗೆ ತಳ ಕಾಣದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ, ಗುಡಿಸುವುದನ್ನೂ ಅವನೇ ಮಾಡುತ್ತಾನೆ ಎಂದರು ಯಜಮಾನರು. ಅಂದರೆ ನಾನು ಮತ್ತೆ ಬೆಳಗಿನ ರೈಲು ಹಿಡಿದು ಗಾರ್ಮೆಂಟ್ಸಿಗೆ ಓಡಬೇಕು. ಪಂಪಿನ ಕೋಣೆಯಲ್ಲಿ ಕೂತು ಅತ್ತೆ.

ಮೊಮ್ಮಗಳನ್ನು ಈಜು ಕಲಿಯಲು ಕರೆತರುತ್ತಿದ್ದ ಚಾಂಪಿಯನ್ ರೀಫ್ಸಿನ ತಾತ ಅದನ್ನು ನೋಡಿ ಒಳಗೆ ಬಂದರು. ಅಲ್ಲಿನ ಚಿನ್ನದ ಗಣಿಯಲ್ಲಿ ಪಂಪು ನಡೆಸಿದವರು. ದಿನಕ್ಕೆ ಎಷ್ಟು ಸಲ ತೊಳೆಯುತ್ತೀಯೆಂದು ಕೇಳಿದರು. ಮೂರು ಸಲ ಎಂದೆ, ಅಳುವಿನಲ್ಲೂ ಒಂಚೂರು ಹೆಮ್ಮೆಯಿಂದಲೇ. ತಾತ ಹಣೆ ಚಚ್ಚಿಕೊಂಡರು. ಮರಳಿನಲ್ಲಿ ಒಂದಿಷ್ಟು ಕೊಳೆ ಕೂತರೇ ಅದು ಸಣ್ಣ ಧೂಳನ್ನು ಹಿಡಿಯುವುದು, ನೀನು ಕೂರಲಿಕ್ಕೇ ಬಿಡುತ್ತಿಲ್ಲ ಎಂದು ವಿವರಿಸಿದರು. ಡ್ರಮ್ಮಿನ ಮೇಲೆ ಒತ್ತಡ ತೋರಿಸುವ ಮೀಟರಿತ್ತು, ಕೊಳೆ ಕೂತಷ್ಟೂ ಅದರ ಮುಳ್ಳು ಏರುತ್ತದಂತೆ. ಆಗಷ್ಟೇ ತೊಳೆದದ್ದರಿಂದ ಮುಳ್ಳು ಹನ್ನೆರಡರಲ್ಲಿತ್ತು. ಅವರು ಹೇಳಿದಂತೆ ನನ್ನ ಪರ್ಸಿನಲ್ಲಿದ್ದ ಸ್ಟಿಕ್ಕರ್ ಬೊಟ್ಟುಗಳಲ್ಲಿ ಒಂದನ್ನು ಅಲ್ಲಿಗೆ, ಇನ್ನೊಂದನ್ನು ಇಪ್ಪತ್ತಕ್ಕೆ ಅಂಟಿಸಿದೆ.

"ಮುಳ್ಳು ಈ ಬೊಟ್ಟಿಂದ ಆ ಬೊಟ್ಟಿಗೆ ಓಗಾಗಂಟ ಕೈ ಇಡ್ಬೇಡಮ್ಮಾ," ಎಂದರು. "ಕೊಳೇಗೂ ಒಸಿ ಕೆಲ್ಸ ಮಾಡಾಕೆ ಬಿಡು."

ಅದು ಬುಧವಾರ. ಆಮೇಲಿನ ದಿನಗಳಲ್ಲಿ ನಾನು ಪಟ್ಟ ಸಂಕಟ ನನಗೇ ಗೊತ್ತು. ಕೈ ತುರಿಸುತ್ತಿತ್ತು. ತಡೆಯಲಾರದೆ ಕೊಳದ ಮೆಟ್ಟಿಲು, ನಲ್ಲಿ, ಚಪ್ಪಲಿ ಇಡುವ ಕಟ್ಟೆ, ಎಲ್ಲವನ್ನೂ ತಿಕ್ಕಿದೆ. ಶನಿವಾರ ಮುಳ್ಳು ಹದಿನೈದಕ್ಕೆ ಬಂದಿತ್ತು, ಅಷ್ಟೇ.

ಭಾನುವಾರ ಬೆಳಿಗ್ಗೆ ತಳದ ನೀಲಿ ಟೈಲ್ಸನ್ನು ಎಣಿಸಬಹುದಿತ್ತು. ಎಷ್ಟು ಸಲ ತೊಳೆದೆ ಎಂದು ಯಜಮಾನರು ಕೇಳಿದರು. ಬುಧವಾರದಿಂದ ಮುಟ್ಟೇ ಇಲ್ಲ ಎಂದು ನಿಜ ಹೇಳಿದೆ. ಅವರು ನೀರು ನೋಡಿದರು, ಬೊಟ್ಟು ಹಚ್ಚಿದ ಮೀಟರ್ ನೋಡಿದರು, ಆಮೇಲೆ ಫೋನ್ ತೆಗೆದರು.

"ಫಿಲ್ಟರ್ ಕೆಲ್ಸಕ್ಕೆ ನೀನು ಬರಾದು ಬ್ಯಾಡಪ್ಪ. ಕೆಲ್ಸ ಗೊತ್ತಿರೋರು ನಮ್ಮಲ್ಲೇ ಅವ್ರೆ."

ಅದು ನನ್ನ ವಿಷಯ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅವರು ಹೋದ ಮೇಲೆ ಸೀರೆ ಮೇಲೆತ್ತಿಕೊಂಡು ಮೆಟ್ಟಿಲ ಮೇಲೆ ಕೂತೆ. ಎರಡು ವರ್ಷ ಆ ಕೊಳದ ಸುತ್ತ ಗುಡಿಸಿದ್ದೆ. ಅದರ ನೀರಿಗೆ ಕಾಲು ಇಳಿಬಿಟ್ಟದ್ದು ಅವತ್ತೇ ಮೊದಲು.