ಮೀನಿನ ತೊಟ್ಟಿಗೊಂದು ತೂತು

ಸೊಸೆ ನೆನೆಸಿದ ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದಾಳೆ. ಮಗುವಿಗೆ ರಾಗಿಸರಿ ಮಾಡಬೇಕಂತೆ. ಬೆಳಗಿನಿಂದ ಮನೆಯೆಲ್ಲ ಮೊಳಕೆಯ ವಾಸನೆ. ನಿಮಗೆ ಅದು ಹಿತವಾಗಿರಬಹುದು. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಸೊಂಟ ನೋಯುತ್ತದೆ. ನಗಬೇಡಿ, ಕಾರಣವಿದೆ.

ಅರವತ್ತರ ದಶಕದ ಕೊನೆಯ ಮಾತು. ರಾವಂದೂರಿನ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದಿದ್ದೆ. ಆ ವರ್ಷ ಹೊಗೆಸೊಪ್ಪು ಚೆನ್ನಾಗಿ ಬಂದಿತ್ತು. ಅದೇ ಹುರುಪಿನಲ್ಲಿ ನಮ್ಮ ಯಜಮಾನರು ಪಿರಿಯಾಪಟ್ಟಣದಿಂದ ವರ್ಗವಾಗಿ ಹೋಗುತ್ತಿದ್ದ ಯಾರೋ ಅಧಿಕಾರಿಯ ಮನೆಯಿಂದ ಕೆಂಪು ಮೀನುಗಳಿದ್ದ ಗಾಜಿನ ತೊಟ್ಟಿ ತಂದರು. ಮೀನೆಂದರೆ ಸಾರು ಎಂದಷ್ಟೇ ತಿಳಿದ ಊರು ನಮ್ಮದು. ಪಕ್ಕದ ಮನೆಯ ಅಜ್ಜಿ ಬಹಳ ಹೊತ್ತು ನೋಡಿ, "ಇವು ಯಾವಾಗ ಬಲೀತವೆ?" ಎಂದು ಕೇಳಿದಳು.

ನೋಡುವುದು ಊರಿನ ಪಾಲು, ನೀರು ಬದಲಿಸುವುದು ನನ್ನ ಪಾಲು. ಹಳೆಯ ನೀರನ್ನು ಚೊಂಬಿನಲ್ಲಿ ಮೊಗೆದು ಚೆಲ್ಲಬೇಕು, ಬಾವಿಯಿಂದ ಹೊಸ ನೀರು ಹೊತ್ತು ತುಂಬಬೇಕು. ಮನೆಯೊಳಗಿನ ನೀರೆಲ್ಲ ಹೆಂಗಸರದು; ಹಾಗೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಂಗಳದ ಕಲ್ಲುಬಾನಿಯ ನೀರು ಮಾತ್ರ ಯಜಮಾನರದು. ತಮ್ಮ ಎತ್ತುಗಳಿಗೆ ಬೇರೆಯವರು ನೀರಿಟ್ಟರೆ ಅವರಿಗೆ ಸಮಾಧಾನವಿರಲಿಲ್ಲ. ನನಗೆ ಹೆರಿಗೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಗ್ಗಿದರೆ ಮೇಲೇಳುವುದೇ ಒಂದು ಸಾಹಸ. ಮೊಗೆಯುವ ಕೆಲಸವೊಂದಾದರೂ ತಪ್ಪಲಿ ಎಂದು ಒಂದು ದಿನ ಬಾಯಿಬಿಟ್ಟು ಕೇಳಿದೆ.

"ತಳದ ತಾವ ಒಂದು ತೂತು ಮಾಡ್ಸಿಬುಡಿ. ಬಿರಡೆ ತಗುದ್ರೆ ನೀರು ತಾನೇ ಓಯ್ತದೆ. ಮೈಸೂರಲ್ಲಿ ಗಾಜು ಕುಯ್ಯೋರು ಮಾಡ್ಕೊಡ್ತರಂತೆ."

"ನಂಗೇನು ಕೈ ಇಲ್ವಾ? ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಸ್ವಾಮಾರ ಬರ್ಲಿ, ಸುಮ್ಕಿರು."

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವಾದರೆ ಯಜಮಾನರಿಗೂ ಬಿಡುವು. ಹೆಂಗಸರಿಗೆ ಅಂಥ ವಾರವನ್ನು ಯಾರೂ ಇಟ್ಟಿರಲಿಲ್ಲ, ಆ ಮಾತು ಬಿಡಿ.

ಸೋಮವಾರ ಬಂತು. ಮೀನುಗಳು ಕಲ್ಲುಬಾನಿಗೆ ಹೋದವು. ತೊಟ್ಟಿ ಜಗಲಿಯ ಮೇಲೆ ಅಡ್ಡ ಮಲಗಿತು. ಒಳಗಿನಿಂದ ಒತ್ತು ಕೊಡದಿದ್ದರೆ ಗಾಜು ಸೀಳುತ್ತದೆಂದು ಯಜಮಾನರು ಅದರ ಹೊಟ್ಟೆಯ ತುಂಬ ರಾಗಿ ಸುರಿದು, ಒತ್ತಿ ಗಿಡಿದು, ಬಾಯಿಗೆ ಹಲಗೆಯಿಟ್ಟು ಹಗ್ಗದಿಂದ ಬಿಗಿದರು. ಕಬ್ಬಿಣ ಉಜ್ಜುವ ಮುರಿದ ಅರದ ಮೊನೆಯನ್ನು ಬಡಗಿಯ ಬೈರಿಗೆಗೆ ಸಿಕ್ಕಿಸಿ, ತೂತಿನ ಜಾಗದ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಅದರೊಳಗೆ ನೀರು ಬಿಟ್ಟುಕೊಂಡು ತಿರುಗಿಸಲು ಕೂತರು. ಕರಕರ ಸದ್ದಿಗೆ ನನ್ನ ಹಲ್ಲೆಲ್ಲ ಜುಮ್ಮೆಂದವು. ನಿಜ ಹೇಳುತ್ತೇನೆ, ಅಷ್ಟು ತಾಳ್ಮೆಯನ್ನು ಅವರಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಹೊತ್ತು ಇಳಿಯುವಾಗ ತೂತು ಬಿತ್ತು. ಗಾಜಿಗೆ ಒಂದು ಗೀರೂ ಆಗಿರಲಿಲ್ಲ.

"ಬಾ ಇಲ್ಲಿ, ನೋಡು" ಎಂದು ಕರೆದು, ಖುಷಿಯಲ್ಲಿ ಆ ತೂತಿಗೆ ಚೊಂಬುಗಟ್ಟಲೆ ನೀರು ಹೊಯ್ದರು. "ಎಂಗ್ ಇಳೀತದೆ ನೋಡು."

ನೀರು ಇಳಿಯಿತು, ನಾನೂ ಹಿಗ್ಗಿದೆ. ಅದು ಎಲ್ಲಿಗೆ ಇಳಿಯುತ್ತಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ರಾಗಿ ಬೆಳೆದು ರಾಗಿ ತಿನ್ನುವ ಮನೆ ನಮ್ಮದು. ತೂತು ಸಣ್ಣದಾಯಿತು, ಅಗಲ ಮಾಡುವುದು ಮುಂದಿನ ಸೋಮವಾರಕ್ಕಿರಲಿ ಎಂದು ತೊಟ್ಟಿಯನ್ನು ಬಿಗಿದ ಹಗ್ಗ ಬಿಚ್ಚದೆ ಹಾಗೇ ಬಿಟ್ಟರು.

ವಾರದ ನಡುವೆ ಜಗಲಿಯಲ್ಲಿ ಮೊಳಕೆಯ ವಾಸನೆ ಶುರುವಾಯಿತು. ಎಲ್ಲಿಂದ ಎಂದು ನಾನು ಮೂಗರಳಿಸಿ ನೋಡುವಷ್ಟರಲ್ಲಿ ಟಪ್ಪೆಂದಿತು. ಉಬ್ಬಿದ ರಾಗಿ ಗಾಜನ್ನು ಸೀಳಿ ಬಿಳಿ ಮೊಳಕೆ ಸಮೇತ ಹೊರಗೆ ಸುರಿಯಿತು.

ಯಜಮಾನರು ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸಣ್ಣ ದನಿಯಲ್ಲಿ, "ಬುಡು, ಮೈಸೂರಿಂದ ಒಸದು ತತ್ತೀನಿ. ತೂತ ಅಲ್ಲೇ ಮಾಡ್ಸ್ಕಂಡು" ಎಂದರು.

"ಬ್ಯಾಡ ಕಣ್ರೀ. ಮೀನು ಬಾನೀಲೇ ಚೆಂದಾಗವೆ."

ಬಾನಿಯ ತಳದಲ್ಲಿ ಕಲ್ಲುಕುಟಿಗರು ಮಾಡಿದ ತೂತು ಮೊದಲಿಂದಲೂ ಇತ್ತು, ಬಟ್ಟೆಯ ಉಂಡೆ ತುರುಕಿದ್ದೆವು. ಮಾರನೆಯ ಬೆಳಿಗ್ಗೆ ಅವರು ಅದನ್ನು ಕಿತ್ತು, ಮೀನುಗಳನ್ನು ಜೋಪಾನವಾಗಿ ಚೊಂಬಿಗೆ ಹಾಕಿಕೊಂಡು, ಬಾನಿ ತೊಳೆದು, ಬಾವಿಯಿಂದ ನೀರು ಹೊತ್ತು ತುಂಬಿದರು. ಎತ್ತಿನ ನೀರಲ್ಲವೇ, ಅವರದೇ ಕೆಲಸ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಯ್ಯೋ ಪಾಪ ಎನ್ನಿಸಲಿಲ್ಲ.

ಆ ರಾಗಿ ಹಾಳಾಯಿತು, ಗಾಜು ಹಾಳಾಯಿತು, ಹೇಳಿದ ಮಾತು ಕೇಳಲಿಲ್ಲ ಎಂದು ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದಿದ್ದೇನೆ. ಈಗ ಅವರಿಲ್ಲ. ಇವತ್ತು ಈ ವಾಸನೆಯಲ್ಲಿ ಕೂತು ಯೋಚಿಸಿದರೆ ಬೇರೆಯೇ ಕಾಣುತ್ತದೆ. ನನ್ನ ಮಾತು ಕೇಳಿದ್ದರೆ ಕಸುಬಿನವನು ಅಚ್ಚುಕಟ್ಟಾಗಿ ತೂತು ಮಾಡಿಕೊಡುತ್ತಿದ್ದ. ಹಳೆಯ ನೀರು ತಾನೇ ಹೋಗುತ್ತಿತ್ತು. ಹೊಸ ನೀರನ್ನು ನಾನು ಸಾಯುವವರೆಗೂ ಹೊರುತ್ತಿದ್ದೆ.

"ಅತ್ತೆ, ಗಂಟು ಇನ್ನೂ ಬಿಗಿ ಮಾಡ್ಲಾ?" ಎಂದಳು ಸೊಸೆ.

"ಬ್ಯಾಡ, ಸಡ್ಲ ಬುಡು. ಉಬ್ತದೆ."

ಅವಳು ಹಾಗೇ ಮಾಡಿ, ಮಗುವಿನ ಸ್ನಾನದ ನೀರಿನ ಬಕೆಟ್ಟಿಗೆ ಬಗ್ಗಿದಳು. ಒಂದು ಕೈ ಸೊಂಟದ ಮೇಲಿತ್ತು. ಮಗ ಜಗಲಿಯಲ್ಲಿ ಪೇಪರು ಓದುತ್ತಿದ್ದ.

"ಲೋ, ಬಾ ಇಲ್ಲಿ. ನೀರು ಎತ್ಕೊ" ಎಂದೆ.

ಅವನು ತಲೆ ಎತ್ತಿ, ನನ್ನನ್ನಾ ಎಂಬಂತೆ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟು ಯಾರೂ ಇರಲಿಲ್ಲ.