ಡೈರೆಕ್ಟ್ ಕೊಟ್ಟವರು

ಯಲಬುರ್ಗಾ ಕಡೆಯ ಆ ಊರಿನಲ್ಲಿ ಪಾರಮ್ಮನ ಬಾಯಿಗೆ ಹೆದರದವರಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ನೀರಿನ ಪಾಳಿ ತಪ್ಪಿಸಿದ ಭಾವನ ಕಾಲುವೆಗೆ ಅಡ್ಡ ಕೂತವಳು ಅವಳು.

ಈಗ ಹೊಲದ ಟ್ರಾನ್ಸ್‌ಫಾರ್ಮರ್ ಮತ್ತೆ ಸುಟ್ಟಿತ್ತು. ಕರೆಂಟ್ ಬಂದ ಕೂಡಲೇ ಎಲ್ಲರ ಮೋಟರೂ ಒಟ್ಟಿಗೆ ಎಳೆದರೆ ಅದು ತಾಳುವುದಿಲ್ಲ. ಅದಕ್ಕೆಂದೇ ರಂಜಿತಾ ಎಂಬ ಇಂಜಿನಿಯರ್ ಹುಡುಗಿ ಪ್ರತಿ ಮೋಟರಿಗೂ ಒಂದು ಡಬ್ಬಿ ಕೂಡಿಸಿ ಪಾರಮ್ಮನಿಗೆ ಹೇಳಿದ್ದಳು:

"ಇರುವಿಗೆ ಗೌಡ ಅದಾನೇನ್ರಿ ಅವ್ವಾರ? ಮುಂದಿನದು ಬಿಟ್ಟ ವಾಸನಿ ಹಿಡಿದು ಹಿಂದಿನದು ನಡೀತೈತಿ. ಈ ಡಬ್ಬಿನೂ ಹಂಗ. ತಂತಿಯಾಗ ಕರೆಂಟಿನ ಕಸುವು ಇಳೀತಂದ್ರ, ಬ್ಯಾರೆಯವರು ಎಳಿಯಾಕತ್ತಾರ ಅಂತ ತಾನ ತಡೀತೈತಿ. ಯಾರೂ ಹುಕುಂ ಮಾಡಂಗಿಲ್ಲ."

ಮನೆಮನೆಗೆ ಹೋಗಿ ಇದೇ ಇರುವೆಯ ಮಾತು ಹೇಳಿ ಎಲ್ಲರನ್ನೂ ಒಪ್ಪಿಸಿದವಳು ಪಾರಮ್ಮ. ಆದರೂ ಸುಟ್ಟಿತ್ತು. ಇಂದು ಹೊಸದು ಬಂದು ನಿಂತಿತ್ತು, ಸಂಜೆಗೆ ಕರೆಂಟ್ ಬಿಡುವವರಿದ್ದರು. ಇದೂ ಹೋದರೆ ಅವಳು ಹೊಸದಾಗಿ ನೆಟ್ಟ ಮೆಣಸಿನ ಅಗಿಯಲ್ಲಿ ಒಂದು ಸಸಿಯೂ ಉಳಿಯುವಂತಿರಲಿಲ್ಲ.

ಪಕ್ಕದ ಹೊಲದ ಉಮಾಪತಿಯ ಡಬ್ಬಿ ಎತ್ತಿ ನೋಡಿದಳು. ಹಿಂದಿನಿಂದ ಬೇರೊಂದು ತಂತಿ ಡಬ್ಬಿಯನ್ನು ತಪ್ಪಿಸಿ ನೇರ ಮೋಟರಿಗೆ ಹೋಗಿತ್ತು.

"ಏನಲೇ ಇದು?" ಅಲ್ಲೇ ನಿಂತಿದ್ದ ಅವನನ್ನು ಕೇಳಿದಳು.

"ಡೈರೆಕ್ಟ್ ಕೊಟ್ಟೀನಿ ಯಕ್ಕಾ. ಮಂದಿ ಉಂಡೆದ್ದ ಮ್ಯಾಲೆ ನಾ ಎಂಜಲಾ ತಿನ್ನಲೇನು?"

"ಪಾಳಿ ಅಂದ್ರ ಎಂಜಲಾ ಏನಲೇ? ಊರ ಹೊಲ ಸುಟ್ಟೆಲ್ಲೋ, ಹೊಟ್ಟಿಬಾಕಾ!"

"ಭಾಳ ಒದರಬ್ಯಾಡ. ಡೈರೆಕ್ಟ್ ಕೊಡೂದು ಕಲಿಸಿದವ ನಿನ್ನ ಗಂಡ. ಇರುವಿಗೆ ಸಕ್ಕರಿ ಹಾಕೂದು ಆಮ್ಯಾಲೆ, ಮೊದಲ ನಿಮ್ಮ ಮೋಟರ್ ಮನಿ ನೋಡು ಹೋಗು."

ನೋಡಿದಳು. ಅಲ್ಲೂ ಅಂಥದೇ ತಂತಿ; ಅದರ ಗಂಟಿಗೆ ಅವಳದೇ ಹಳೆಯ ಸೀರೆಯ ಚೂರು ಸುತ್ತಿತ್ತು. ಬಾಗಿಲಲ್ಲಿ ನಿಂತ ಗಂಡ ಹನುಮಂತಪ್ಪ ಮೆಲ್ಲಗೆ, "ನಿನ್ನ ಅಗಿ ಬಾಡಬಾರದಂತ ಕೊಟ್ಟಿದ್ದೆ" ಅಂದ.

"ನನ್ನ ಹೆಸರಿಲೆ ಮಂದಿ ಬೆಳಿ ಸುಟ್ಟೆಲ್ಲೋ ನೀನು!"

ಅಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೆ ಅವಳು 'ನೀನು' ಅಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿದ. ಅದರಿಂದ ಅವಳ ಸಿಟ್ಟು ಇನ್ನೂ ಏರಿತು. ತಂತಿ ಕಿತ್ತು ಒಯ್ದು ಉಮಾಪತಿಯ ಕಾಲ ಬಳಿ ಒಗೆದಳು.

"ನಮ್ಮದು ಕಿತ್ತೀನಿ. ನಿಂದು ನೀ ಕೀಳತೀಯೋ, ನಾ ಕೀಳಲೋ?"

ಉಮಾಪತಿ ಇಕ್ಕಳ ತಂದ. ಅಲ್ಲಿಂದ ಅವಳು ಮುಂದಿನ ಹೊಲಕ್ಕೆ ನಡೆದಳು, ಅಲ್ಲಿಂದ ಅದರಾಚೆಗೆ.

ಸಂಜೆ ಮೋಟರುಗಳು ಒಂದರ ಹಿಂದೊಂದು ಎದ್ದವು. ಟ್ರಾನ್ಸ್‌ಫಾರ್ಮರ್ ತಾಳಿತು. ಪಾರಮ್ಮನ ನೀರು ಎಲ್ಲರಿಗಿಂತ ತಡವಾಗಿ ಬಂತು. ಮಡಿಗೆ ಹರಿದಾಗ ಅರ್ಧ ಅಗಿ ತಲೆ ಎತ್ತಲಿಲ್ಲ.

"ಬಂತಲ್ಲ ನೀರು" ಅಂದ ಹನುಮಂತಪ್ಪ, ಬದುವಿನ ಮೇಲಿಂದ.

"ಬಾಯಿ ಮುಚ್ಚಿಕೊಂಡು ಮುಂದಿನ ಮಡಿಗೆ ನೀರು ತಿರುವ್ರಿ" ಅಂದಳು.