ಕಂಟ್ರೋಲರ್ ಮಾವ ಹೇಳಿದ ಅರ್ಧ ಗಂಟೆ

ಯಾರಾದರೂ ಸುಳ್ಳು ಸಮಯ ಹೇಳಿದರೆ ಕಂಟ್ರೋಲರ್ ಮಾವನ ಮೂಗಿನ ಹೊಳ್ಳೆ ಅರಳಿ, ಮೇಲ್ತುಟಿ ಒಂದು ಬದಿಗೆ ಎಳೆದುಕೊಳ್ಳುತ್ತಿತ್ತು, ಹಳಸಿದ ಸಾರಿನ ಮುಚ್ಚಳ ತೆಗೆದವರ ಹಾಗೆ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು, ಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು. "ಈಗ ಬರ್ತೈತೆ" ಎಂದು ಜನರನ್ನು ಸಮಾಧಾನ ಮಾಡಿದವರೇ ಅಲ್ಲ. "ಹೊಳಲ್ಕೆರೆ ಗಾಡಿ ಕೆಟ್ಟೈತೆ. ಮುಕ್ಕಾಲು ಗಂಟೆ ಆಗ್ತೈತೆ, ಕುಂತ್ಕಳ್ರಿ" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು. ಜನ ಗೊಣಗುತ್ತಲೇ ಕೂರುತ್ತಿದ್ದರು.

ನಾನು ಪುಣೆಯಲ್ಲಿ ಕೆಲಸಕ್ಕಿದ್ದೆ. ಪುಣೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೂವರೆ ಗಂಟೆ ಎಂದು ಒಮ್ಮೆ ಅವರೆದುರು ಜಂಬ ಕೊಚ್ಚಿದೆ.

"ಥೂ! ನಿನ್ನ ಬಾಗಿಲಿಂದ ನಿಮ್ಮವ್ವನ ಬಾಗಿಲಿಗೆ ಎಷ್ಟು, ಅದು ಹೇಳಲೇ. ನಮ್ಮ ತಲೆ ಮ್ಯಾಲೆ ಹಾರ್ಕಂಡು ಹೋಗಿ, ಬೆಂಗಳೂರಿಂದ ವಾಪಸ್ ಐದು ಗಂಟೆ ಬರೋದು ಯಾವ ಸೀಮೆ ಲೆಕ್ಕನೋ?"

ಹಳೇ ಕಾಲದವರು ಎಂದು ನಕ್ಕುಬಿಟ್ಟೆ.

ಅಪ್ಪ ತೀರಿಕೊಂಡ ಬೆಳಿಗ್ಗೆ ಆರಕ್ಕೆ ಫೋನು ಮಾಡಿದವರೂ ಅವರೇ. "ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು. ಮೊದಲ ಹಿಡಿ ನಿಂದು. ಈಗ್ಲೇ ಕಾರು ಹತ್ತು." ನಾನು ಕೇಳಲಿಲ್ಲ. ವಿಮಾನದಲ್ಲಿ ಮಧ್ಯಾಹ್ನ ಎರಡು ಗಂಟೆಗೆಲ್ಲ ಬರುತ್ತೇನೆಂದು ಅವ್ವನಿಗೆ ಹೇಳಿದೆ. ಹತ್ತೂವರೆಯ ವಿಮಾನಕ್ಕೆ ಸೀಟು ಸಿಕ್ಕಿತು. ಎರಡು ಗಂಟೆ ಹೊಡೆದಾಗ ಬೆಂಗಳೂರಿಂದ ಹಿಡಿದ ಕಾರು ಇನ್ನೂ ತುಮಕೂರನ್ನೂ ಮುಟ್ಟಿರಲಿಲ್ಲ. ಊರಿಗೆ ಫೋನು ಮಾಡಲು ಮುಖವಿರಲಿಲ್ಲ, ಬಂದ ಫೋನುಗಳನ್ನೂ ಎತ್ತಲಿಲ್ಲ.

ತಲುಪಿದಾಗ ಸೂರ್ಯ ಗುಡ್ಡದ ಅಂಚಿಗೆ ಇಳಿದಿದ್ದ. ಅಪ್ಪ ಇನ್ನೂ ಗುಂಡಿಯ ಪಕ್ಕದಲ್ಲೇ ಇದ್ದ. ಮಣ್ಣು ಹಾಕಿದೆ.

ಹೇಗೆ ಕಾದರೆಂದು ಅವ್ವ ಆಮೇಲೆ ಹೇಳಿದಳು. "ಇನ್ನು ಕಾಯಾಕಾಗಲ್ಲ, ಮಣ್ಣು ಮಾಡಾಣ ಅಂತ ಹಿರೇರು ನಾಕು ಸಲ ಎದ್ರು ಕಣಪ್ಪ. ನಾಕು ಸಲನೂ ಕಂಟ್ರೋಲರು ಫೋನು ಕಿವಿಗಿಟ್ಕಂಡು, 'ಹಿರಿಯೂರು ಬಿಟ್ಟವ್ನೆ, ಇನ್ನರ್ಧ ಗಂಟೆ' ಅಂದ್ರು. ಅವರ ಮಾತು ಅಂತ ಎಲ್ಲಾರೂ ಕುಂತ್ರು. ವಯಸ್ಸಾತು, ಪಾಪ, ಲೆಕ್ಕ ತಪ್ಪಿರಬೇಕು."

ಮಾವ ಹಿತ್ತಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಕಾಲಿಗೆ ಬೀಳಲು ಹೋದರೆ ಹಿಂದೆ ಸರಿದರು.

"ಮುಟ್ಟಬ್ಯಾಡ. ಹೆಣದ ಮುಂದೆ ಕುಂಡ್ರಿಸಿ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲೋ. ಅಸಹ್ಯ ಆಗ್ತೈತೆ ನನಗೆ."

ಹೋದ ವರ್ಷ ಅವರೂ ತೀರಿಕೊಂಡರು. ಅಲ್ಲಿಯವರೆಗೆ ಊರವರು ಕಟ್ಟೆಯ ಮೇಲೆ ಅವರನ್ನು ಕಂಡಾಗಲೆಲ್ಲ, "ಏನ್ರಿ ಕಂಟ್ರೋಲರೇ, ನಿಮ್ಮ ಅರ್ಧ ಗಂಟೆ ಅಂದ್ರೆ ನಾಕು ಗಂಟೆ ಅಲ್ವಾ?" ಎಂದು ಹಲ್ಲು ಕಿರಿಯುತ್ತಿದ್ದರು. ಅದು ಬೇಕೆಂದೇ ಹೇಳಿದ ಸುಳ್ಳೆಂದು ಮಾವ ಊರವರಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ. ಊರಿಗೆ ಹೋದಾಗ ಎಷ್ಟೋ ಸಲ ನಾನೂ ಅದೇ ಕಟ್ಟೆಯ ಮೇಲಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು, ನಾನೂ ಬಾಯಿ ಬಿಡಲಿಲ್ಲ.